ಇರಲು ಸಾಧ್ಯವಿಲ್ಲದವಳು

ದೇವಲಾಪುರದಿಂದ ನಾಗಮಂಗಲ, ನಾಗಮಂಗಲದಿಂದ ಪಾಂಡವಪುರ, ಅಲ್ಲಿಂದ ಶ್ರೀರಂಗಪಟ್ಟಣ. ಮೂರು ಬಸ್ಸು ಬದಲಿಸಿ ಬಂದ ಹೆಂಗಸು ಬೀಜ ಬಳಗದ ಆಫೀಸಿನ ಮೆಟ್ಟಿಲು ಹತ್ತಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಆತಿಯಾಳ ಮೇಜಿನ ಮೇಲೆ ಒಂದು ಕಾಗದ ಇಟ್ಟಳು. ಕೂತ್ಕೊಳ್ಳಿ ಅಂದರೂ ಕೂರಲಿಲ್ಲ.

"ಇದ್ರಲ್ಲಿ ನನ್ನೆಸ್ರಿಲ್ಲ," ಅಂದಳು.

ಕಾಗದ ಬಳಗದ್ದೇ. ನಾಲ್ಕು ತಾಲ್ಲೂಕಿನ ನಾಟಿ ಬೀಜಗಳ ಕರಡು ಪಟ್ಟಿ. ಪ್ರತಿ ಬೀಜದ ಮುಂದೆ ಅದನ್ನು ಉಳಿಸಿಕೊಂಡು ಬಂದವರ ಹೆಸರು, 'ಪಾಲಕರು' ಎಂಬ ಕಾಲಮ್ಮಿನಲ್ಲಿ. ನೂರಾ ನಲವತ್ತೇಳನೇ ಸಾಲಿನ ಕೆಳಗೆ ಉಗುರಿನಲ್ಲಿ ಗೆರೆ ಎಳೆದಿತ್ತು. ಕರಿಮೂತಿ ಅವರೆ, ದೇವಲಾಪುರ ಹೋಬಳಿ, ಪಾಲಕರು ಚಿಕ್ಕಸ್ವಾಮಿ.

"ನಿಮ್ಮ ಹೆಸರು?"

"ಪ್ರಮೀಳಾ."

"ಚಿಕ್ಕಸ್ವಾಮಿ ಅಂದ್ರೆ?"

"ನಮ್ಮ ಭಾವ. ನಮ್ಮೆಜಮಾನ್ರ ಅಣ್ಣ."

"ಯಜಮಾನ್ರು ಬಂದಿಲ್ವಾ?"

"ಅವ್ರಿಲ್ಲ. ಎರಡು ವರ್ಸ ಆಯ್ತು." ಪಿನ್‌ಕೋಡ್ ಹೇಳಿದ ಹಾಗೆ ಹೇಳಿದಳು. ಮೂವತ್ತು ದಾಟಿರಲಾರದು. "ಆ ಅವ್ರೆ ನಂದು. ಭಾವ ಅದನ್ನ ಕಂಪ್ನಿಯೋರಿಗೆ ಕೊಡಕ್ಕೆ ಒಪ್ಕಂಡವ್ರೆ. ಪಟ್ಟೀಲಿ ಎಸ್ರಿದ್ದೋರು ಸೈನ್ ಆಕುದ್ರೆ ಸಾಕಂತೆ."

ಅದು ನಿಜವೇ. ಪಟ್ಟಿಯಲ್ಲಿ ಯಾರ ಹೆಸರಿದೆಯೋ ಬೀಜದ ಮೇಲೆ ಅವರದೇ ಮಾತು. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು, ಎಲ್ಲ ಅವರ ಸಹಿಯ ಮೇಲೆ. ಹೊರಗಿನ ಒಂದು ಬೀಜದ ಕಂಪನಿ ಕರಿಮೂತಿ ಅವರೆ ನಲವತ್ತು ಕೆಜಿ ಬೇಕೆಂದು ಆಗಲೇ ಅರ್ಜಿ ಹಾಕಿತ್ತು. ಶುಕ್ರವಾರ ಸಂಜೆ ಐದಕ್ಕೆ ಪಟ್ಟಿಗೆ ಬೀಗ. ಆಮೇಲೆ ಬದಲಾವಣೆಯಿಲ್ಲ. ಅವತ್ತು ಗುರುವಾರ.

"ಬರೆಯೋವಾಗ ತಪ್ಪಾಗಿರಬೇಕು. ಈಗಲೇ ಸರಿ ಮಾಡ್ತೀನಿ," ಅಂದಳು ಆತಿಯಾ.

ಆತಿಯಾಳ ಕೆಲಸಕ್ಕೆ ಆಂಟಾಲಜಿ ಅಂತ ಹೆಸರು. ಯಾವುದು ಯಾವುದರ ಬಗೆ, ಯಾರಿಗೂ ಯಾವುದಕ್ಕೂ ಏನು ಸಂಬಂಧ ಎಂಬುದನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ನಿಯಮ ಕಟ್ಟಿ ಬರೆದಿಡುವುದು. ಅವರೆ ಒಂದು ಕಾಳು, ಕಾಳು ಒಂದು ಬೆಳೆ, ಬೆಳೆಗೊಂದು ಬೀಜ, ಬೀಜಕ್ಕೊಬ್ಬ ಪಾಲಕ. ಒಂದು ಕಡೆ ತಪ್ಪು ಬರೆದರೆ ಇನ್ನೆಲ್ಲೋ ಕೆಂಪು ದೀಪ. ಗೂಡ್ಸ್ ಆಟೊ ಓಡಿಸುವ ಅವಳಪ್ಪ ಮುನಾವರ್ ಪಾಷಾ, ಮಗಳೇನು ಮಾಡ್ತಾಳೆ ಅಂತ ಯಾರಾದರೂ ಕೇಳಿದರೆ, "ಕಂಪ್ಯೂಟರ್‌ಗೆ ಹೊಲ ಗದ್ದೆ ಪರಿಚಯ ಮಾಡಿಸ್ತಾಳೆ ಸಾಬ್," ಅನ್ನುತ್ತಿದ್ದ. ಅದಕ್ಕಿಂತ ಚೆನ್ನಾಗಿ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಈ ಕೆಲಸದ ಸಾಫ್ಟ್‌ವೇರಿನ ಬಲಗಡೆ ಒಂದು ಚಾಟ್ ಕಿಟಕಿ ಇತ್ತು. ಅದರಲ್ಲಿ ಎಐ ಸಹಾಯಕ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಕೊಡುತ್ತಿತ್ತು. ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ಮುಖ ಸಿಂಡರಿಸುತ್ತಿರಲಿಲ್ಲ.

ಆತಿಯಾ ಚಿಕ್ಕಸ್ವಾಮಿಯ ಹೆಸರು ತೆಗೆದು ಪ್ರಮೀಳಾ ಎಂದು ಹಾಕಿ, ಅವಳನ್ನೇ ಕೇಳಿ ಜಮೀನಿನ ಮುಂದೆ 'ಇಲ್ಲ' ಎಂದು ತುಂಬಿದಳು. ಸ್ಕ್ರೀನಿನ ಅಂಚೆಲ್ಲ ಕೆಂಪಾಯಿತು. ಬಲಗಡೆ ಸಹಾಯಕನ ವಿವರಣೆ ಮೂಡಿತು.

"ಪ್ರತಿಯೊಬ್ಬ ಪಾಲಕರಿಗೂ ಕನಿಷ್ಠ ಒಂದು ಜಮೀನು ಇರಬೇಕು ಎಂಬ ನಿಯಮವಿದೆ. ಪ್ರಮೀಳಾ ಅವರಿಗೆ ಜಮೀನು ಇಲ್ಲವೆಂದು ದಾಖಲಾಗಿದೆ. ಹೀಗಾಗಿ ಇಂಥ ವ್ಯಕ್ತಿ ಇರಲು ಸಾಧ್ಯವಿಲ್ಲ."

ಆತಿಯಾ ಸರಕ್ಕನೆ ಕಿಟಕಿ ಮುಚ್ಚಲು ಹೋದಳು. ಅಷ್ಟರಲ್ಲಿ ಪ್ರಮೀಳಾ ಓದಿಯಾಗಿತ್ತು.

"ನಾನಿಲ್ಲೇ ಇವ್ನಲ್ಲ," ಅಂದಳು.

ಅದರಲ್ಲಿ ಸಿಟ್ಟಿರಲಿಲ್ಲ. ರೇಷನ್ ಅಂಗಡಿಯಲ್ಲಿ ಹೆಸರು ಕೂಗಿದಾಗ ಜನ ಹೇಳುವ ಹಾಗೆ ಹೇಳಿದಳು. ಆತಿಯಾ ಕೀಲಿಮಣೆಯ ಮೇಲೆ ಜೋರಾಗಿಯೇ ಕುಟ್ಟಿದಳು. ಈ ನಿಯಮ ಯಾರು ಹಾಕಿದ್ದು?

"ನವೆಂಬರ್ ಹನ್ನೆರಡರಂದು ನಾನು ಅರವತ್ಮೂರು ನಿಯಮಗಳನ್ನು ಸೂಚಿಸಿದ್ದೆ. ಇದು ಅವುಗಳಲ್ಲಿ ಒಂದು. ನೀವು 'ಎಲ್ಲವನ್ನೂ ಒಪ್ಪು' ಎಂಬುದನ್ನು ಆಯ್ಕೆ ಮಾಡಿದಿರಿ. ನೀವು ಕೊಟ್ಟ ಇನ್ನೂರ ಹದಿನಾಲ್ಕು ದಾಖಲೆಗಳಲ್ಲಿ ಪ್ರತಿ ಪಾಲಕರ ಹೆಸರಿನ ಜೊತೆಗೂ ಸರ್ವೆ ನಂಬರ್ ಇತ್ತು. ಅದನ್ನು ಆಧರಿಸಿ ಸೂಚಿಸಿದ್ದೆ."

ಆತಿಯಾ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

ಪ್ರತಿಯೊಬ್ಬರಿಗೂ ಸರ್ವೆ ನಂಬರ್ ಇತ್ತು, ಯಾಕೆಂದರೆ ಫಾರಂ ತಯಾರಿಸಿದವಳು ಅವಳೇ. ಸರ್ವೆ ನಂಬರಿನ ಪಕ್ಕ ಕೆಂಪು ಚುಕ್ಕಿ ಇಟ್ಟಿದ್ದಳು. ತುಂಬದಿದ್ದರೆ ಫಾರಂ ಮುಂದಕ್ಕೆ ಹೋಗುತ್ತಿರಲಿಲ್ಲ. ಹಳ್ಳಿ ಹಳ್ಳಿ ಸುತ್ತಿದ ಕಾರ್ಯಕರ್ತರು ಬಿಸಿಲಲ್ಲಿ ನಿಂತು ಎಷ್ಟಂತ ಯೋಚನೆ ಮಾಡಿಯಾರು? ನಂಬರು ಯಾರ ಹೆಸರಲ್ಲಿದೆಯೋ ಅವರನ್ನೇ ಪಾಲಕ ಅಂತ ಬರೆದು, ಮಜ್ಜಿಗೆ ಕುಡಿದು, ಮುಂದಿನ ಮನೆಗೆ ಹೋಗಿದ್ದರು.

"ಫಾರಂ ಮಾಡಿದ್ದು ನಾನು," ಅಂದಳು.

ಪ್ರಮೀಳಾ ಅವಳ ಕಡೆ ತಿರುಗಿದಳು. "ಅಂಗಾದ್ರೆ ನೀವೇ ತೆಗೀರಿ."

ಒಳಕೋಣೆಯಿಂದ ಲೋಕೇಶ್ ಬಂದ. ಬಳಗದ ಸಂಯೋಜಕ, ಕಿರಂಗೂರಿನವನು. ಕೆಟ್ಟವನಲ್ಲ, ತಲೆನೋವು ಬೇಡ ಅನ್ನುವವನು. ವಿಷಯ ಕೇಳಿ ಕನ್ನಡಕ ಹಣೆಗೇರಿಸಿದ.

"ನೋಡಮ್ಮ, ಮನೆ ಯಜಮಾನನ ಹೆಸರಿದ್ರೆ ಮನೆಯೋರದೆಲ್ಲಾ ಇದ್ದಂಗೇ. ಜಮೀನಿಲ್ದೋರನ್ನ ಸೇರಿಸಿದ್ರೆ ಮ್ಯಾಪಲ್ಲಿ ಎಲ್ಲಿ ಅಂತ ಚುಕ್ಕಿ ಇಡೋದು?"

"ಸರ್, ಬೀಜ ಇವರದು."

"ಬೇರೆ ದಾರಿ ಏನಾದ್ರೂ ಇದ್ಯಾ ಅಂತ ಅದನ್ನೇ ಕೇಳು."

ಕೇಳಿದಳು. ಸಹಾಯಕ ತಡಮಾಡಲಿಲ್ಲ. "ಪಾಲಕ ಎಂಬುದರ ಜೊತೆಗೆ 'ಸಹಪಾಲಕಿ' ಎಂಬ ಹೊಸ ವರ್ಗ ಸೇರಿಸಬಹುದು. ಅವರಿಗೆ ಜಮೀನು ಇರಬೇಕಾಗಿಲ್ಲ. ಒಪ್ಪಿಗೆ ಸಹಿಯ ಹಕ್ಕು ಪಾಲಕರಲ್ಲೇ ಉಳಿಯುತ್ತದೆ. ಯಾವ ನಿಯಮವೂ ಮುರಿಯುವುದಿಲ್ಲ."

"ನೋಡಿದ್ಯಾ! ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು," ಅಂದ ಲೋಕೇಶ್. "ಹೆಸರೂ ಬಂತು."

ಆತಿಯಾಳ ಬೆರಳು 'ಒಪ್ಪು' ಗುಂಡಿಯ ಹತ್ತಿರ ಹೋಗಿಯೂ ಇತ್ತು. ಸುಳ್ಳು ಯಾಕೆ? ಇಬ್ಬರಿಗೂ ಸಮಾಧಾನವಾದರೆ ಆಯಿತಲ್ಲ ಅನ್ನಿಸಿತ್ತು ಅವಳಿಗೂ.

"ಸಹಪಾಲಕಿ ಸೈನ್ ಆಕಂಗಿಲ್ವಾ?" ಪ್ರಮೀಳಾ ಕೇಳಿದಳು.

"ಇಲ್ಲ."

"ಬ್ಯಾಡ ಅನ್ನಂಗೂ ಇಲ್ವಾ?"

"ಇಲ್ಲ."

"ಅಂಗಾದ್ರೆ ಆ ಎಸ್ರು ತಕ್ಕಂಡು ನಾನೇನು ಉಪ್ಪಿನಕಾಯಿ ಆಕ್ಲಾ?"

ಲೋಕೇಶ್ ಕನ್ನಡಕವನ್ನು ಮತ್ತೆ ಕಣ್ಣಿಗಿಳಿಸಿದ. "ಬಾಯಿಮಾತಿಗೆ ಬದಲಾಯಿಸಕ್ಕಾಗಲ್ಲಮ್ಮ. ಸಾಕ್ಷಿ ಬೇಕು. ನಾಳೆ ಐದಕ್ಕೆ ಬೀಗ," ಅಂದು ಒಳಗೆ ಹೋದ.

ಆತಿಯಾ ಲ್ಯಾಪ್‌ಟಾಪ್ ಮಡಚಿ ಚೀಲಕ್ಕೆ ಹಾಕಿದಳು. "ನಡೀರಿ, ನಿಮ್ಮೂರಿಗೆ ಹೋಗೋಣ."

ಪಾಂಡವಪುರದಲ್ಲಿ ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಬಸ್ಸು ಅರ್ಧ ಗಂಟೆ ತೆವಳಿತು. ನಾಗಮಂಗಲದ ಬಸ್ಸು ಹತ್ತಿ, ನಾಲೆ ನೀರಿನ ಹಸಿರು ಹಿಂದಾಗಿ, ಕೆಮ್ಮಣ್ಣಿನ ಬೆದ್ದಲು ಹೊಲ ಶುರುವಾದ ಮೇಲೆ ಪ್ರಮೀಳಾ ತಾನಾಗಿಯೇ ಹೇಳಿದಳು.

ಕೆ.ಆರ್. ಪೇಟೆ ಕಡೆಯ ಅವ್ವನ ಮನೆಯಿಂದ ಮದುವೆಯಾಗಿ ಬರುವಾಗ ಮಡಿಲಕ್ಕಿಯ ಜೊತೆ ಎರಡು ಹಿಡಿ ಅವರೆ ಕಟ್ಟಿಕೊಟ್ಟಿದ್ದರು. ಅವ್ವನಿಗೂ ಅದು ಹಾಗೇ ಬಂದದ್ದು. ರಾಗಿ ಹೊಲದಲ್ಲಿ ಆರು ಸಾಲಿಗೊಂದು ಅಕ್ಕಡಿ ಸಾಲು ಬಿಡುತ್ತಾರೆ. ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ರಾಗಿ ಮನೆಯದು, ಅಕ್ಕಡಿ ಹೆಂಗಸರದು. ಬೀಜಕ್ಕೆ ಕಾಯಿ ಆರಿಸುವುದು, ಒಣಗಿಸಿ ಬೂದಿ ಕಲಸಿ ಗುಡಾಣಕ್ಕೆ ತುಂಬುವುದು, ಮುಂಗಾರಿಗೆ ತೆಗೆಯುವುದು, ಕೇಳಿ ಬಂದ ಹೆಂಗಸರ ಸೆರಗಿಗೆ ಒಂದು ಹಿಡಿ ಸುರಿಯುವುದು. ಯಾವ ಗಂಡಸೂ ಆ ಗುಡಾಣದ ಬಾಯಿ ಬಿಚ್ಚಿದ್ದನ್ನು ಅವಳು ನೋಡಿರಲಿಲ್ಲ.

"ಇದನ್ನೆಲ್ಲಾ ಫಾರಮ್ಮಿನೋರಿಗೆ ಯಾಕೆ ಹೇಳ್ಲಿಲ್ಲ?"

"ಕೇಳ್ನಿಲ್ಲ."

ಚಿಕ್ಕಸ್ವಾಮಿ ಮನೆ ಮುಂದಿನ ಕಣದಲ್ಲಿ ರಾಗಿ ತೂರಿಸುತ್ತಿದ್ದ. ಬಳಗದವರು ಅಂತ ಗೊತ್ತಾದ ಕೂಡಲೇ ಟವೆಲು ಕೊಡವಿ ಜಗಲಿಗೆ ಕರೆದ.

"ಬನ್ನಿ ಬನ್ನಿ. ಏ ಮಂಗಳಾ, ಕಾಪಿ ಮಡಗು!" ಒಳಗೆ ಹೆಂಡತಿಗೆ ಕೂಗಿ, ಪ್ರಮೀಳಾಳ ಕಡೆ ತಿರುಗಿದ. "ಅಲ್ಲೀಗಂಟ ಓಗಿದ್ಯೇನವ್ವ? ಯೋಳಿದ್ರೆ ನಾನೇ ಪೋನ್ ಮಾಡ್ತಿರ್ಲಿಲ್ವಾ?"

ಪ್ರಮೀಳಾ ಕಂಬಕ್ಕೆ ಒರಗಿ ನಿಂತಳು. ಆತಿಯಾ ಲ್ಯಾಪ್‌ಟಾಪ್ ತೆರೆದು, ಮೊಬೈಲಿನಿಂದ ನೆಟ್ ಕೊಟ್ಟು, ಬಂದ ಕಾರಣ ಹೇಳಿದಳು. ಚಿಕ್ಕಸ್ವಾಮಿ ತಾಳ್ಮೆಯಿಂದಲೇ ಕೇಳಿಸಿಕೊಂಡ.

"ಒಂದು ಮಾತು ಕೇಳ್ತೀನಿ ಮೇಡಮ್ಮೋರೇ. ಎಮ್ಮೆ ಕರ ಆಕ್ತು ಅನ್ನಿ. ಕರ ಎಮ್ಮೆ ಯಜಮಾನಂದೋ, ಉಲ್ಲು ಆಕ್ದೋಳ್ದೋ? ಒಲ ನನ್ನೆಸರಲ್ಲೇ ಅದೆ. ಒಲ್ದಲ್ಲಿ ಬೆಳೆದದ್ದು ಇನ್ಯಾರ್ದಾದದು? ಬೇಕಾದ್ರೆ ಆ ಮಿಸಿನ್ನೇ ಕೇಳಿ. ಅದೇನು ನನ್ ನೆಂಟ ಅಲ್ವಲ್ಲ."

ಆತಿಯಾ ಕೇಳಿಯೇಬಿಟ್ಟಳು. ಬಂದ ಉತ್ತರವನ್ನು ಮುಚ್ಚಿಡದೆ ಗಟ್ಟಿಯಾಗಿ ಓದಿದಳು. "ಈಗಿರುವ ನಿಯಮಗಳ ಪ್ರಕಾರ ಕರಿಮೂತಿ ಅವರೆಯ ಪಾಲಕರು ಚಿಕ್ಕಸ್ವಾಮಿ."

ಚಿಕ್ಕಸ್ವಾಮಿ ತೊಡೆ ತಟ್ಟಿ ನಕ್ಕ. "ಕೇಳುದ್ಯೇನವ್ವ ಪ್ರಮೀಳಾ? ದೇವಲಾಪುರ ನೋಡ್ದೇ ಇರೋ ಮಿಸಿನ್‌ಗೇ ಗೊತ್ತಾಗದೆ, ನಿನಗ್ ಗೊತ್ತಾಗ್ನಿಲ್ವಲ್ಲ!"

"ಅದಕ್ಕೆ ಏನೂ ಗೊತ್ತಿಲ್ಲ ಅಣ್ಣ," ಅಂದಳು ಆತಿಯಾ. "ನಾನು ತಪ್ಪಾಗಿ ಹೇಳ್ಕೊಟ್ಟ ಪಾಠಾನ ನನಗೇ ಒಪ್ಪಿಸ್ತಾ ಇದೆ."

ಚಿಕ್ಕಸ್ವಾಮಿಯ ನಗು ನಿಂತಿತು. ದನಿ ತಗ್ಗಿತು. ತಗ್ಗಿದ ದನಿಯೇ ಹೆಚ್ಚು ಚುಚ್ಚುವಂತಿತ್ತು.

"ಅಂಗಾದ್ರೆ ಇದ್ದಂಗೇ ಯೋಳ್ಬುಡ್ತೀನಿ. ಗಂಡ ಇಲ್ದೋಳ ಕೈಲಿ ಬಿತ್ತನೆ ಕಾಳು ಮುಟ್ಟುಸಲ್ಲ ನಾವು. ಮೊಳಕೆ ಒಡೆಯಲ್ಲ ಅಂತ ಇರೀಕರ ಮಾತು. ನಮ್ಮ ತಮ್ಮ ನಿಂಗರಾಜು ತೀರ್ಕಂಡ್ಮೇಲೆ ಎರಡು ವರ್ಸದಿಂದ ಬಿತ್ತನೆಗೆ ಕಾಳು ಕೊಡ್ತಿರೋಳು ನನ್ನೆಂಡ್ತಿ. ಇವ್ಳು ಮುಟ್ಟೇ ಇಲ್ಲ. ಮುಟ್ಟದೇ ಇದ್ದೋಳು ಎಂಗೆ ಪಾಲಕಿ ಆಯ್ತಾಳೆ? ಬರ್ಕಳಿ."

ಬೀಜ ಇಟ್ಟು ಕೊಡುವವರೇ ಪಾಲಕರು ಅಂತ ನಿಯಮ ತಿದ್ದಿದರೂ ಎರಡು ವರ್ಷದ ಲೆಕ್ಕದಲ್ಲಿ ಪ್ರಮೀಳಾ ಹೊರಗೇ. ಆತಿಯಾ ಅವಳ ಕಡೆ ನೋಡಿದಳು. ಪ್ರಮೀಳಾ ನೋಡುತ್ತಿದ್ದದ್ದು ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಓರಗಿತ್ತಿ ಮಂಗಳಮ್ಮನನ್ನು.

ಮಂಗಳಮ್ಮ ಲೋಟಗಳನ್ನು ಜಗಲಿಯ ಮೇಲೆ ಕುಕ್ಕಿದಳು.

"ನಾನು ಕೊಟ್ಟ ಕಾಳು ಎಲ್ಲಿಂದ ಬಂತು ಅಂತ ಕೇಳುದ್ರಾ?"

"ಎಲ್ಲಿಂದ ಅಂದ್ರೆ? ನಮ್ಮ ಗುಡಾಣದಿಂದ."

"ನಮ್ಮ ಗುಡಾಣದ್ದು ಮೊದಲ್ನೇ ವರ್ಸವೇ ಉಳ ಇಡ್ದು ಇಟ್ಟಾಗೋಗಿತ್ತು. ನನಗೆ ಬೂದಿ ಎಷ್ಟು ಕಲ್ಸಬೇಕು ಅಂತ ಗೊತ್ತಾಗಕ್ಕಿಲ್ಲ, ಒಪ್ಕತೀನಿ. ನಿಮಗೆ ಯೋಳುದ್ರೆ ಊರು ಒಟ್ಟು ಮಾಡ್ತೀರಿ ಅಂತ ಇತ್ಲು ಬಾಗ್ಲಿಂದ ಓಗಿ ಇವಳ ಗುಡಾಣದ್ದ ಇಸ್ಕಂಡು ಬಂದೆ. ಇವ್ಳು ಆರ್ಸಿದ್ದು, ಇವ್ಳು ಬೂದಿ ಕಲ್ಸಿದ್ದು, ಇವ್ಳೇ ತನ್ನ ಕೈಯಾರ ನನ್ನ ಮಡ್ಲಿಗೆ ಸುರುದದ್ದು."

"ಒಂದು ವರ್ಸವಾ?"

"ಎರಡೂ ವರ್ಸ. ಮೊಳಕೆ ಬರ್ನಿಲ್ವಾ? ಎದೆ ಮಟ್ಟ ಬಂತು. ಮೊನ್ನೆ ಇದುಕಿದ ಅವ್ರೆ ಸಾರಿಗೆ ಏನು ಸೊಗಡೇ, ಏನು ಸೊಗಡೇ ಅಂತ ಮುದ್ದೆ ಮೇಲೆ ಮುದ್ದೆ ಇಳಿಸುದ್ರಲ್ಲ, ಅದೂ ಇವಳದೇ."

ಕಣದಲ್ಲಿ ಮೊರ ಹಿಡಿದಿದ್ದ ಆಳುಗಳಿಬ್ಬರು ಅತ್ತ ತಿರುಗಿ ನಕ್ಕರು.

"ಮೊದ್ಲೇ ಯೋಳಕ್ಕೇನಾಗಿತ್ತು ನಿಂಗೆ?" ಚಿಕ್ಕಸ್ವಾಮಿ ಗದರಿದ.

"ಯೋಳಿದ್ರೆ ಉಣ್ತಿದ್ರಾ?"

ಅವನು ಹೆಂಡತಿಯನ್ನೂ ಪ್ರಮೀಳಾಳನ್ನೂ ನೋಡಿದ, ಕಾಫಿ ಲೋಟವನ್ನೂ ನೋಡಿದ. ಆಮೇಲೆ ಟವೆಲು ಹೆಗಲಿಗೆ ಹಾಕಿ, "ಏನಾರ ಮಾಡ್ಕಳಿ. ಒಲದ ಪಾಣಿ ಪತ್ರ ಅಂತೂ ನನ್ನೆಸರಲ್ಲೇ ಅದೆ," ಅಂದು ಕಣಕ್ಕೆ ಇಳಿದು ಹೋದ.

"ಪಾಣಿ ನನಗ್ ಬ್ಯಾಡ ಭಾವ, ಇವತ್ತಿಗೆ," ಅಂದಳು ಪ್ರಮೀಳಾ ಅವನ ಬೆನ್ನಿಗೆ. ಅವತ್ತು ಅವಳು ದನಿ ಎತ್ತಿದ್ದು ಅದೊಂದೇ ಸಲ.

ಆತಿಯಾ ಜಗಲಿಯ ಮೇಲೆ ಕಾಲು ಮಡಚಿ ಕೂತು ಹಳೇ ನಿಯಮ ಅಳಿಸಿದಳು. ಹೊಸದನ್ನು ಬರೆದಳು. ಬೀಜವನ್ನು ಯಾರು ಆರಿಸಿ, ಇಟ್ಟು, ಮುಂದಿನ ಬಿತ್ತನೆಗೆ ತೆಗೆದು ಕೊಡುತ್ತಾರೋ ಅವರೇ ಪಾಲಕರು. ಜಮೀನಿನ ಮಾತೇ ಇಲ್ಲ.

ಸಹಾಯಕ ಎಚ್ಚರಿಸಿತು. "ಈ ಬದಲಾವಣೆಯಿಂದ ಇನ್ನೂ ಅರವತ್ತೊಂದು ದಾಖಲೆಗಳಲ್ಲಿ ಪಾಲಕರ ಹೆಸರು ಖಾಲಿಯಾಗುತ್ತದೆ. ಅವುಗಳಲ್ಲಿ 'ಬೀಜ ಆರಿಸಿ ಇಡುವವರು ಯಾರು' ಎಂಬ ಪ್ರಶ್ನೆಗೆ 'ಮನೆ ಹೆಂಗಸರು' ಎಂದಷ್ಟೇ ಬರೆಯಲಾಗಿದೆ. ವ್ಯಕ್ತಿಯ ಹೆಸರಿಲ್ಲ. ಇದರ ಬದಲು ಪ್ರಮೀಳಾ ಅವರಿಗೆ ಮಾತ್ರ ವಿನಾಯಿತಿ ಕೊಟ್ಟರೆ ಉಳಿದವು ಹಾಗೇ ಉಳಿಯುತ್ತವೆ. ವಿನಾಯಿತಿ ಕೊಡಲೇ?"

ಒಳ್ಳೆಯ ಸಲಹೆಯೇ. ಒಂದು ಗುಂಡಿ ಒತ್ತಿದರೆ ಪ್ರಮೀಳಾಳ ಕೆಲಸ ಆಗುತ್ತದೆ, ಲೋಕೇಶನಿಗೆ ತಲೆನೋವಿಲ್ಲ. ಆತಿಯಾ ಲ್ಯಾಪ್‌ಟಾಪ್ ತಿರುಗಿಸಿ ಅವಳಿಗೆ ತೋರಿಸಿದಳು. ಪ್ರಮೀಳಾ ನಿಧಾನವಾಗಿ, ಎರಡು ಸಲ ಓದಿದಳು.

"ಉಳಿದೋರೂ ಮೂರು ಮೂರು ಬಸ್ಸು ಬದಲಾಯಿಸ್ಕಂಡು ಬರ್ಬೇಕಾ?"

ಆತಿಯಾ 'ಬೇಡ' ಎಂದು ಒತ್ತಿದಳು. ಆಮೇಲೆ ಹೊಸ ನಿಯಮಕ್ಕೆ 'ಮುಂದುವರಿ'. ಕೆಂಪು ಅಂಚು ಹೋಯಿತು. ನೂರಾ ನಲವತ್ತೇಳನೇ ಸಾಲಿನಲ್ಲಿ ಪ್ರಮೀಳಾ ಇದ್ದಳು. ಪಟ್ಟಿಯುದ್ದಕ್ಕೂ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ ಜಾಗಗಳು.

ಎರಡು ನಿಮಿಷಕ್ಕೆ ಲೋಕೇಶನ ಫೋನು ಬಂತು. ಅವನ ಸ್ಕ್ರೀನಿಗೂ ಅದು ತಲುಪಿತ್ತು.

"ಏನಮ್ಮ ಇದು? ಅರವತ್ತೊಂದು ಖಾಲಿ ಇಟ್ಕೊಂಡು ನಾನು ಯಾರಿಗೆ ಪಟ್ಟಿ ಕೊಡ್ಲಿ?"

"ಸುಳ್ಳು ಹೆಸರಿಗಿಂತ ಖಾಲಿ ಇರೋದು ವಾಸಿ ಸರ್. ಅಲ್ಲಿ 'ಕೇಳಬೇಕು' ಅಂತ ಬರೀತೀನಿ. ಸಾಕ್ಷಿ ಬೇಕು ಅಂದ್ರಿ, ಚಿಕ್ಕಸ್ವಾಮಿ ಹೆಂಡತೀನೇ ಹೇಳಿದ್ದಾರೆ, ಬರ್ಕೊಂಡಿದ್ದೀನಿ."

"ಮೊದಲಿದ್ದಂಗೆ ಮಾಡು. ಈಗಲೇ."

"ಇಲ್ಲ ಸರ್."

"ನಿನ್ನ ಕಾಂಟ್ರಾಕ್ಟು ಮಾರ್ಚಿಗೆ ಮುಗೀತದೆ. ಗೊತ್ತಲ್ಲ?"

"ಗೊತ್ತು ಸರ್. ಇದು ಜನವರಿ."

ಆ ಕಡೆ ಕುರ್ಚಿ ಕಿರುಗುಟ್ಟಿದ ಸದ್ದು. ಕೊನೆಗೆ ಲೋಕೇಶ್, "ಆಯ್ತು. ಆ ಕಂಪನಿ ಅರ್ಜಿಗಾದ್ರೂ ಒಂದು ಉತ್ತರ ಇಸ್ಕೊಂಡು ಬಾ. ಅವರು ದಿನಾ ಪ್ರಾಣ ತಿಂತಾವ್ರೆ," ಅಂದ.

ಆತಿಯಾ ಚೀಲದಿಂದ ಒಪ್ಪಿಗೆ ಪತ್ರ ತೆಗೆದಳು. ಎರಡು ಚೌಕ, ಒಂದು ಸಹಿಯ ಗೆರೆ. ಪ್ರಮೀಳಾ ಸೆರಗಿನಲ್ಲಿ ಕೈ ಒರೆಸಿ, ಜಗಲಿಯ ಅಂಚಿಗೆ ಕೂತಳು. ಬೆಳಗಿನಿಂದ ಅವಳು ಕೂತದ್ದು ಆತಿಯಾಳ ಕಣ್ಣಿಗೆ ಬಿದ್ದದ್ದು ಬಸ್ಸು ಬಿಟ್ಟರೆ ಇಲ್ಲೇ. 'ಒಪ್ಪಿಗೆ ಇಲ್ಲ' ಎಂಬ ಚೌಕದಲ್ಲಿ ಗುರುತು ಹಾಕಿ, ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಬರೆದಳು.

ಫೋನಿನ್ನೂ ಚಾಲೂ ಇತ್ತು. "ಏನಂತೆ?" ಕೇಳಿದ ಲೋಕೇಶ್.

"ಬೇಡವಂತೆ ಸರ್."

"ಯಾಕಂತೆ? ಒಳ್ಳೇ ಕಂಪನಿ ಕಣಮ್ಮ. ಕಾರಣ ಕೇಳು."

ಆತಿಯಾ ಫೋನನ್ನು ಅವಳ ಕಡೆ ಹಿಡಿದಳು.

"ಕೊಡ್ತೀರಾ ಅಂತ ಕೇಳುದ್ರಿ, ಕೊಡಲ್ಲ ಅಂದೆ," ಅಂದಳು ಪ್ರಮೀಳಾ. "ಇನ್ನೇನು ಕಾರ್ಣ?"

ಮರುದಿನ ಐದಕ್ಕೆ ಪಟ್ಟಿಗೆ ಬೀಗ ಬಿತ್ತು. ಹೆಸರಿದ್ದವರದು ಹೆಸರಿನೊಂದಿಗೆ, ಇಲ್ಲದವರದು 'ಕೇಳಬೇಕು' ಎಂಬ ಮಾತಿನೊಂದಿಗೆ. ಲೋಕೇಶ್ ಅವಳ ಜೊತೆ ಮಾತಾಡದೆ, ಆದರೆ ಅಳಿಸದೆ, ಕಳಿಸಿದ. ಸಹಾಯಕ ಆ ಅರವತ್ತೊಂದು ಮನೆಗಳ ಫೋನ್ ನಂಬರುಗಳನ್ನು ತಾಲ್ಲೂಕುವಾರು ವಿಂಗಡಿಸಿ ಕೊಟ್ಟಿತ್ತು. ಅದಕ್ಕೆ ಬರುವ ಕೆಲಸ ಅದು ಚೆನ್ನಾಗಿಯೇ ಮಾಡಿತ್ತು. ಉಳಿದದ್ದು ಆತಿಯಾಳ ಕೆಲಸ.

ಮೊದಲನೇ ನಂಬರು ಕೆ.ಆರ್. ಪೇಟೆ ತಾಲ್ಲೂಕಿನದು, ಒಂದು ಕೆಂಬತ್ತದ ಬೀಜ. ಫೋನ್ ಎತ್ತಿದ್ದು ಒಬ್ಬ ಗಂಡಸು.

"ಯಾರು?"

"ಬೀಜ ಬಳಗದಿಂದ. ನಿಮ್ಮನೇಲಿ ಬಿತ್ತನೆ ಭತ್ತ ಎತ್ತಿಡೋರು ಯಾರಿದ್ದಾರೋ ಅವರಿಗೆ ಕೊಡಿ."

"ಅದು ನಮ್ಮವ್ವ. ಏನಿದ್ರೂ ನನಗೇ ಯೋಳಿ ಮೇಡಂ, ನಾನು ತಿಳಿಸ್ತೀನಿ."

"ಇಲ್ಲ," ಅಂದಳು ಆತಿಯಾ. "ಅವರಿಗೇ ಕೊಡಿ. ಬರೋವರೆಗೂ ಲೈನಲ್ಲೇ ಇರ್ತೀನಿ."